ತೌಡಿಗೆ ಮಾರಿದ ಮಗ

ನಮ್ಮ ತೌಡನನ್ನು ಮಾರಿದ್ದು ನಮ್ಮವ್ವನೇ. ಕೊಂಡವಳು ಎದುರು ಮನೆಯ ಬೆಟ್ಟಮ್ಮ. ಬೆಲೆ ಒಂದು ಮೊರ ತೌಡು.

ಹೀಗೆಂದರೆ ಈಗಿನವರು ಕಣ್ಣು ಕಣ್ಣು ಬಿಡುತ್ತಾರೆ. ಬಿಡಲಿ. ನಮ್ಮಣ್ಣ ಕೆಂಪಯ್ಯನಿಗೆ ಮೊದಲು ಹುಟ್ಟಿದ ಎರಡು ಕೂಸುಗಳೂ ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿಬಿಟ್ಟಿದ್ದವು. ಮೂರನೆಯದು ಹುಟ್ಟಿದಾಗ ನಮ್ಮವ್ವ ಕೆಂಚಮ್ಮ ಯಾರ ಮಾತನ್ನೂ ಕೇಳಲಿಲ್ಲ. ಮಗು ಈ ಮನೆಯದು ಅಂತ ಗೊತ್ತಾದರೆ ತಾನೇ ಸಾವು ಮತ್ತೆ ಈ ಬಾಗಿಲಿಗೆ ಬರುವುದು? ಬೇರೆಯವರದು ಅಂದುಬಿಟ್ಟರೆ ಅದು ದಾರಿ ತಪ್ಪಿ ಹೋಗುತ್ತದಲ್ಲ? ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲಿಟ್ಟಳು. ಬೆಟ್ಟಮ್ಮ ಏನೂ ಅರಿಯದವಳ ಹಾಗೆ ಬಂದು, "ಯಾರದವ್ವ ಈ ಕೂಸು? ಮಾರೀರಾ?" ಅಂದಳು. "ತಕ್ಕೊಂಡೋಗವ್ವ, ನಮಗೆ ಬ್ಯಾಡ," ಅಂದಳು ಅವ್ವ. ಬೆಟ್ಟಮ್ಮ ಒಂದು ಮೊರ ತೌಡು ಸುರಿದಳು, ಕೂಸನ್ನೆತ್ತಿಕೊಂಡು ತನ್ನ ಮನೆಯ ಹೊಸಿಲು ದಾಟಿಸಿದಳು, ಆಮೇಲೆ ತಂದು ಬಾಣಂತಿಯ ಮಡಿಲಿಗೆ ಹಾಕಿದಳು. "ನನ್ನ ಮಗ ಕಣವ್ವ ಇವನು. ನೀನು ಚೆಂದಾಗಿ ಸಾಕ್ಕೊಡು," ಅಂದಳು. ನಾನು ಆಗ ಲಂಗದ ಹುಡುಗಿ. ನನ್ನ ಅತ್ತಿಗೆ ಆ ಮಾತಿಗೆ ಅಳುತ್ತಲೇ ಕೈ ಮುಗಿದಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹುಡುಗ ಬದುಕಿದ. ಶಾಲೆಯ ಹೆಸರು ಚೆಲುವರಾಜು, ಕೇರಿಗೆಲ್ಲ ತೌಡ. ಎರಡು ವರ್ಷಕ್ಕೆ ಇನ್ನೊಬ್ಬ ಹುಟ್ಟಿದ, ಮಹದೇವು. ಅಷ್ಟು ಹೊತ್ತಿಗೆ ಮನೆಯವರಿಗೆ ಧೈರ್ಯ ಬಂದಿತ್ತು. ಅವನನ್ನು ಯಾರಿಗೂ ಮಾರಲಿಲ್ಲ.

ವ್ಯಾಪಾರ ಅಂದಮೇಲೆ ಕರಾರು ಇರಲೇಬೇಕು. ತೌಡ ನಮ್ಮ ಮನೆಯಲ್ಲೇ ಉಣ್ಣಬಹುದು, ಮಲಗಬಹುದು, ಏಟು ತಿನ್ನಬಹುದು. ಆದರೆ ಹಬ್ಬದ ದಿನ ಅವನ ತಲೆಗೆ ಮೊದಲು ಎಣ್ಣೆ ಒತ್ತುವ ಕೈ ಬೆಟ್ಟಮ್ಮನದು. ಅವನ ಮೈಮೇಲೆ ಮೊದಲು ಬೀಳುವ ಹೊಸ ಬಟ್ಟೆಯೂ ಬೆಟ್ಟಮ್ಮನದೇ. ಕೊಂಡವಳ ಹಕ್ಕು ಅದು. ಅದನ್ನು ತಪ್ಪಿಸಿದರೆ ಮಗು ಮತ್ತೆ ಹೆತ್ತವಳದಾಗಿಬಿಡುತ್ತದೆ, ಆಮೇಲೆ ಏನಾಗುತ್ತದೋ ದೇವರಿಗೇ ಗೊತ್ತು ಅಂತ ಅವ್ವ ಪ್ರತಿ ಹಬ್ಬಕ್ಕೂ ನೆನಪಿಸುತ್ತಿದ್ದಳು. ಮೊದಲ ಕೆಲವು ವರ್ಷ ನನ್ನ ಅತ್ತಿಗೆ ಚಾಮುಂಡೇಶ್ವರಿ, ನಮ್ಮ ಬಾಯಲ್ಲಿ ಈಶ್ವರಿ, ಅದನ್ನೆಲ್ಲ ಸಂತೋಷವಾಗಿಯೇ ನಡೆಸಿಕೊಂಡು ಬಂದಳು. ಹುಡುಗ ಬೆಳೆದು ತನ್ನ ಕಾಲಮೇಲೆ ತಾನು ಎದುರು ಮನೆಗೆ ಓಡಲು ಶುರು ಮಾಡಿದ ನೋಡಿ, ಅಲ್ಲಿಂದ ಹತ್ತಿಕೊಂಡಿತು ಹೊಟ್ಟೆಗೆ ಬೆಂಕಿ.

ಹೊಟ್ಟೆಕಿಚ್ಚೇನು ಅವಳೊಬ್ಬಳ ಸ್ವತ್ತಾಗಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ನನಗೆ ಪಾಸಾದವರನ್ನೆಲ್ಲ ಕಂಡರೆ ಮೈ ಉರಿಯುತ್ತಿತ್ತು. ಆದರೆ ನಾನು ಬಾಯಿಬಿಟ್ಟು ಬೈದು ಹಗುರ ಮಾಡಿಕೊಳ್ಳುತ್ತಿದ್ದೆ. ಅತ್ತಿಗೆ ಹಾಗಲ್ಲ. ತುಟಿ ಬಿಗಿಹಿಡಿದು, ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕುವಳು. ನಮ್ಮ ಮನೆಯ ಪಾತ್ರೆಗಳ ತಳವೆಲ್ಲ ನೆಗ್ಗಿದ್ದು ಹಾಗೆ.

ನಮ್ಮದು ಪಡುವಾರಹಳ್ಳಿ. ಹೆಸರಿಗೆ ಹಳ್ಳಿ, ಇರುವುದು ಮೈಸೂರಿನೊಳಗೆ. ಗದ್ದೆಗಳು ಹೋಗಿ ಬಡಾವಣೆಗಳು ಬರುತ್ತಿದ್ದ ಕಾಲ. ಅಣ್ಣ ರೈಲ್ವೆ ವರ್ಕ್‌ಶಾಪಿಗೆ ಸೈಕಲ್ ತುಳಿಯುತ್ತಿದ್ದ. ಹಿತ್ತಲಲ್ಲಿ ಒಂದು ಹಸು ಇತ್ತು. ಬೆಟ್ಟಮ್ಮನ ಮನೆಯಲ್ಲಿ ಸಾಲು ಎಮ್ಮೆಗಳು. ಗೋಕುಲಂ, ಒಂಟಿಕೊಪ್ಪಲಿನ ಬಂಗಲೆಗಳಿಗೆಲ್ಲ ಅವಳ ಹಾಲು ಹೋಗುತ್ತಿತ್ತು. ಗಂಡ ಇರಲಿಲ್ಲ. ನಾಲ್ಕು ಗಂಡುಮಕ್ಕಳು, ನಾಲ್ವರೂ ಕಂಬದ ಹಾಗಿದ್ದರು. ಮಗುವನ್ನು ಕೊಳ್ಳಲು ಅವಳನ್ನೇ ಆರಿಸಿದ್ದು ಅದಕ್ಕೇ, ಅವಳ ಮಡಿಲಿನಿಂದ ಒಂದೂ ಜಾರಿರಲಿಲ್ಲ. ದೊಡ್ಡ ಗಂಟಲು, ದೊಡ್ಡ ಕೈ. ಅತ್ತಿಗೆ ಅಳೆದು ಹಾಕುವ ಕಡೆ ಅವಳು ಸುರಿಯುವವಳು. ಅದೂ ಒಂದು ಉರಿ.

ಹೊಸದಾಗಿ ನಯಾಪೈಸೆ ಬಂದ ವರ್ಷ ಅದು. ದಸರಾ ರಜ ಶುರುವಾದ ಬೆಳಿಗ್ಗೆ ಅತ್ತಿಗೆ ಮಕ್ಕಳಿಬ್ಬರಿಗೂ ಬಿಸಿ ಬಿಸಿ ರಾಗಿ ರೊಟ್ಟಿ ತಟ್ಟಿ ಕೊಟ್ಟಳು. ಮಹದೇವು ಕೂತು ತಿಂದ. ತೌಡ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಎದ್ದ.

"ಎಲ್ಲಿಗ್ಲಾ?" ಅಂದಳು ಅತ್ತಿಗೆ.

"ಇಲ್ಲೇ ಕಣವ್ವ," ಅಂದವನು ಬೀದಿ ದಾಟಿಬಿಟ್ಟ. ನಮ್ಮ ಬಾಗಿಲಿನಿಂದ ಬೆಟ್ಟಮ್ಮನ ಜಗಲಿ ಕಾಣುತ್ತದೆ. ಅವಳು ಅದೇ ರೊಟ್ಟಿಯನ್ನು ತನ್ನ ಅಂಗೈಯಲ್ಲಿ ಇರಿಸಿಕೊಂಡು ಅದರ ಮೇಲೆ ಬೆಣ್ಣೆ ಸವರಿದಳು, ಒಂದು ನಿಂಬೆಗಾತ್ರದ ಉಂಡೆಯನ್ನು ಬೇರೆ ಇಟ್ಟಳು. ಹುಡುಗ ಕಾಲು ಚಾಚಿ ಕೂತು ತಿಂದ.

"ನೋಡಿದ್ಯಾ?" ಅತ್ತಿಗೆ ನನ್ನ ಕಡೆ ತಿರುಗಿದಳು. "ರೊಟ್ಟಿ ಸುಟ್ಟೋಳು ನಾನು. ಹೊಗೆ ಕುಡ್ದೋಳು ನಾನು. ಬೆಣ್ಣೆ ಬಳ್ದೋಳ್ಗೆ ಹೆಸರು."

"ಬುಡು ಅತ್ತಿಗೆ, ಬೆಣ್ಣೆ ತಿಂದ್ರೆ ನಿನ್ನ ಮಗನೇ ತಾನೇ ದಪ್ಪಗಾಗೋದು," ಅಂದೆ. ಕೈಯಲ್ಲಿದ್ದ ಕಾವಲಿ ನೆಲಕ್ಕೆ ಬಿತ್ತು.

ಮಹದೇವು ಅಣ್ಣನ ಹಿಂದೆಯೇ ಹೋಗಿದ್ದ. ಬೆಟ್ಟಮ್ಮ ಅವನನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ, ಆ ಮಾತು ಹೇಳಲೇಬೇಕು. "ಬಾರ್ಲಾ, ನೀನೂ ತಕ್ಕೊ," ಅನ್ನುವಳು. ಆದರೆ ಆರು ವರ್ಷದ ಹುಡುಗನಿಗೂ ವ್ಯತ್ಯಾಸ ತಿಳಿಯುತ್ತದೆ. ತೌಡ ಆ ಮನೆಯ ನಡುಮನೆಗೆ ನುಗ್ಗಬಹುದು, ಎಮ್ಮೆಯ ಬೆನ್ನೇರಬಹುದು, ನೆಲುವಿನ ಗಡಿಗೆಗೆ ಕೈ ಹಾಕಬಹುದು. ಮಹದೇವು ಜಗಲಿಯ ಕಂಬ ಹಿಡಿದು ನಿಂತು, ಕರೆದರೆ ಮಾತ್ರ ಹತ್ತಿರ ಹೋಗಬೇಕು. ಒಂದು ಮಧ್ಯಾಹ್ನ ಅತ್ತಿಗೆ ಅವರೆಕಾಳು ಆರಿಸುತ್ತಿದ್ದಾಗ ಬಂದು ಪಕ್ಕ ಕೂತು ಕೇಳಿದ.

"ಅವ್ವ, ನನ್ನ ಯಾಕೆ ಯಾರೂ ಕೊಳ್ಳಲಿಲ್ಲ?"

ಅತ್ತಿಗೆಯ ಕಣ್ಣು ಎದುರು ಮನೆಯ ಮೇಲಿತ್ತು. ಅಲ್ಲಿ ತೌಡ ಎಮ್ಮೆ ತೊಳೆಯುವ ನೆಪದಲ್ಲಿ ನೀರಾಡುತ್ತಿದ್ದ, ಬೆಟ್ಟಮ್ಮ ನಗುತ್ತಿದ್ದಳು. "ಓಗ್ಲಾ ಅತ್ಲಾಗೆ, ತಲೆ ತಿನ್ಬ್ಯಾಡ," ಅಂದಳು. ಮಹದೇವು ಎದ್ದುಹೋದ.

ಅಷ್ಟರಲ್ಲಿ ವಸ್ತುಪ್ರದರ್ಶನದ ದೀಪ ಹತ್ತಿತು. ಅತ್ತಿಗೆ ಮಕ್ಕಳನ್ನು ತಾನೇ ಕರೆದುಕೊಂಡು ಹೋಗಬೇಕೆಂದು ಅಣ್ಣನ ಬೆನ್ನು ಬಿದ್ದಿದ್ದಳು. ಅಣ್ಣ ಸಂಬಳ ಬರಲಿ ಅಂದ. ಬೆಟ್ಟಮ್ಮನಿಗೆ ಸಂಬಳದ ದಾರಿ ಕಾಯುವ ಕಷ್ಟ ಇರಲಿಲ್ಲ. ಮಾರನೆಯ ದಿನವೇ ಟಾಂಗಾ ತರಿಸಿ ತೌಡನನ್ನು ಕೂರಿಸಿಕೊಂಡು ಹೋಗಿಬಿಟ್ಟಳು. ಮಹದೇವು ಟಾಂಗಾದ ಹಿಂದೆ ಕೇರಿಯ ಕೊನೆಯವರೆಗೂ ಓಡಿ, ಮಣ್ಣಲ್ಲಿ ಕೂತು ಅತ್ತ. ಅವನಿಗೆ ಅವತ್ತು ನೆಗಡಿ, ಗಾಳಿಗೆ ಕರೆದುಕೊಂಡು ಹೋಗಬೇಡ ಅಂತ ಅವ್ವನೇ ಹೇಳಿದ್ದಳು. ಅವನಿಗೆ ಅದೆಲ್ಲ ಯಾರು ಹೇಳುತ್ತಾರೆ?

ರಾತ್ರಿ ತೌಡ ಬಂದ ಮೇಲೆ ನಮಗೆ ನಿದ್ದೆ ಮಾಡಲು ಬಿಡಲಿಲ್ಲ. ದೊಡ್ಡ ರಾಟೆ ತೊಟ್ಟಿಲು ಹತ್ತಿದ್ದನಂತೆ, ಮೇಲಿಂದ ಚಾಮುಂಡಿ ಬೆಟ್ಟದ ದೀಪ ಕೈಗೇ ಸಿಗುವ ಹಾಗಿತ್ತಂತೆ. ಕಡೆಯಲ್ಲಿ, "ಫೋಟೋ ತೆಗೆಸಿದ್ವಿ," ಅಂದ.

ಅತ್ತಿಗೆ ಸಾರು ಬಡಿಸುತ್ತಿದ್ದವಳು ನಿಂತಳು. "ಯಾರ್ ಯಾರು?"

"ನಾನು, ಬೆಟ್ಟವ್ವ. ನಾನು ಕುರ್ಚಿ ಮೇಲೆ. ಬೆಟ್ಟವ್ವ ಪಕ್ಕ ನಿಂತ್ಕೊಂಡಿದ್ಲು."

ಆ ಹುಡುಗನದು ಅದೇ ಮೊದಲನೆಯ ಫೋಟೋ. ಫೋಟೋ ಕೈಗೆ ಬಂದಮೇಲೆ ಬೆಟ್ಟಮ್ಮ ಕೇರಿಗೆಲ್ಲ ತೋರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗಿದಳು. ನೋಡಲು ನಾನು ಹೋದೆ, ಅವ್ವ ಹೋದಳು, ಅಣ್ಣನೂ ಹೋದ. ಅತ್ತಿಗೆ ಹೋಗಲಿಲ್ಲ. "ಎಂಗದೆ?" ಅಂತ ನನ್ನನ್ನು ಮೂರು ಸಲ ಕೇಳಿದಳು. ಚೆನ್ನಾಗಿದೆ ಅಂದರೆ ಮುಖ ಗಂಟಿಕ್ಕಿದಳು, ಚೆನ್ನಾಗಿಲ್ಲ ಅಂದರೆ, "ನನ್ನ ಮಗನ ಮುಖಕ್ಕೇನಾಗಿದ್ದದು?" ಅಂತ ಜಗಳಕ್ಕೆ ಬಂದಳು. ಅವಳ ಜೊತೆ ಆ ವಾರ ಬಾಳುವುದು ಸುಲಭವಾಗಿರಲಿಲ್ಲ.

ಆದರೆ ಅವಳ ಬಳಿಯೂ ಒಂದು ಆಯುಧ ಇತ್ತು. ಒಂದು ತಿಂಗಳಿಂದ ಮನೆಗೆಲಸ ಮುಗಿಸಿ ಪಕ್ಕದ ಬೀದಿಯ ಹೊಲಿಗೆ ಮಿಷನ್ನಿನವರ ಮನೆಗೆ ಹೋಗಿ ಬರುತ್ತಿದ್ದಳು. ಒಂದೇ ಬಟ್ಟೆಯಲ್ಲಿ ಎರಡು ಅಂಗಿ ಹೊಲಿಸಿದ್ದಳು. ನೀಲಿ ಬಟ್ಟೆ, ಬಿಳಿ ಚುಕ್ಕಿ, ಎದೆಯ ಮೇಲೆ ಜೇಬು. ಗುಂಡಿಗಳನ್ನು ತಾನೇ ಹೊಲಿದಳು, ಕಾಜಾ ತಾನೇ ಕಟ್ಟಿದಳು. ಅಣ್ಣತಮ್ಮಂದಿರು ಒಂದೇ ಥರ ಹಾಕಿಕೊಂಡು ಜಂಬೂ ಸವಾರಿ ನೋಡಲು ಹೋದರೆ, ನೋಡಿದವರಿಗೆ ಇವರಿಬ್ಬರೂ ಒಂದೇ ತಾಯಿಯ ಮಕ್ಕಳು ಅಂತ ಕೇಳದೆಯೇ ತಿಳಿಯಬೇಕು. ಅವಳ ಲೆಕ್ಕ ಅದು.

ಆಯುಧ ಪೂಜೆಯ ಬೆಳಿಗ್ಗೆ ಅಣ್ಣ ಸೈಕಲ್ಲಿಗೆ ಕುಂಕುಮ ಹಚ್ಚುತ್ತಿದ್ದ. ಅತ್ತಿಗೆ ಎರಡು ಅಂಗಿಗಳನ್ನೂ ಮಡಿಕೆ ಬಿಚ್ಚಿ ಒಲೆಮನೆಯ ಹಗ್ಗದ ಮೇಲೆ ಹರವಿ, ಮಕ್ಕಳಿಗೆ ಎಣ್ಣೆ ಹಚ್ಚಲು ಬಟ್ಟಲು ಬಿಸಿ ಮಾಡಿದಳು. ಮಹದೇವು ಚಡ್ಡಿ ಬಿಚ್ಚಿ ತಯಾರಾಗಿ ನಿಂತಿದ್ದ. ತೌಡ ಇರಲಿಲ್ಲ.

ಅವನು ಬಂದಾಗ ಎಲ್ಲ ಮುಗಿದಿತ್ತು. ತಲೆಯಿಂದ ಸೀಗೆಪುಡಿ ವಾಸನೆ, ಹಣೆಗೆ ವಿಭೂತಿ, ಮೈಮೇಲೆ ಕೆನೆ ಬಣ್ಣದ ರೇಷ್ಮೆ ಅಂಗಿ, ತಲೆಗೆ ಜರಿ ಅಂಚಿನ ಪುಟಾಣಿ ಪೇಟ. ಹಿಂದೆ ಬೆಟ್ಟಮ್ಮ. ಅವಳ ಸೆರಗೆಲ್ಲ ಎಣ್ಣೆ, ಮುಖವೆಲ್ಲ ನಗೆ. "ನೋಡ್ರವ್ವ ನನ್ನ ಮಗನ್ನ," ಅಂದಳು. "ಅರಮನೆ ಒಳಿಕ್ಕೆ ಬುಟ್ಟುಬುಟ್ರೆ ವಾಪಸ್ ಕಳ್ಸಾಕಿಲ್ಲ ಅಂತಾರೆ."

ಅವ್ವ ದೃಷ್ಟಿ ನಿವಾಳಿಸಲು ಉಪ್ಪು ತರಲು ಹೋದಳು. ಅತ್ತಿಗೆ ಹಗ್ಗದ ಮೇಲಿನ ನೀಲಿ ಅಂಗಿಯನ್ನು ತೆಗೆದು ತಂದಳು.

"ಅದನ್ನ ಬಿಚ್ಚು. ಇದನ್ನ ಹಾಕ್ಕೊ."

ತೌಡ ಅಂಗಿ ನೋಡಿದ. ಕೆಟ್ಟ ಹುಡುಗನಲ್ಲ ಅವನು, ಯೋಚಿಸಿಯೇ ಹೇಳಿದ. "ನಾಳಿಕ್ಕೆ ಹಾಕ್ಕೋತೀನಿ ಕಣವ್ವ. ಇದು ನುಣ್ಣಗದೆ."

ಆ 'ನುಣ್ಣಗದೆ' ಅನ್ನುವ ಒಂದು ಮಾತು. ಅಷ್ಟು ದಿನ ಪಾತ್ರೆಗಳ ಮೇಲೆ ತೀರುತ್ತಿದ್ದುದು ಅವತ್ತು ತೀರಲಿಲ್ಲ. ಅತ್ತಿಗೆ ಹಿತ್ತಲಿಗೆ ಹೋದಳು. ಹಸುವಿಗೆಂದು ಇಟ್ಟಿದ್ದ ಚೀಲಕ್ಕೆ ಮೊರ ಹಾಕಿ ರಾಶಿ ತೌಡು ಬಳಿದು ತಂದಳು. ನಡುಮನೆ ದಾಟಿ, ಜಗಲಿ ದಾಟಿ, ಬೀದಿಯ ನಡುವೆ ನಿಂತಿದ್ದ ಬೆಟ್ಟಮ್ಮನ ಮುಂದೆ ಹಿಡಿದಳು.

"ತಕ್ಕಳಿ ಬೆಟ್ಟಕ್ಕ. ನಿಮ್ಮ ತೌಡು ನಿಮಗೆ ಸಂದೋಯ್ತು. ನನ್ನ ಮಗ ನನಗೆ ಬೇಕು."

ಅವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದುಕೊಂಡು ಓಡಿಬಂದಳು. "ಅಯ್ಯೋ ಮುಂಡೇದೆ, ಏನ್ ಮಾಡ್ಬುಟ್ಟೆ! ಎರಡನ್ನ ಮಣ್ಣಿಗೆ ಇಟ್ಟೋಳು ನೀನು, ಮರ್ತೋಯ್ತಾ? ಬೆಟ್ಟವ್ವ, ಮುಟ್ಬ್ಯಾಡ ಅದನ್ನ, ಮುಟ್ಬ್ಯಾಡ ಅಂದೆ!"

"ಮರ್ತಿಲ್ಲ," ಅಂದಳು ಅತ್ತಿಗೆ. "ಸತ್ತೋದವೂ ನನ್ನವೇ. ಬದುಕಿರೋದು ಮಾತ್ರ ಅವರದಾ?"

ಅಣ್ಣ ಸೈಕಲ್ಲಿನ ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ನಿಂತೇ ಇದ್ದ. ಈ ಜಗಳದಲ್ಲಿ ಬಾಯಿ ಹಾಕಿದರೆ ಎರಡು ಮನೆಯ ಮಜ್ಜಿಗೆಯೂ ತಪ್ಪುತ್ತದೆ ಅಂತ ಅವನಿಗೆ ಗೊತ್ತಿತ್ತು.

ಬೆಟ್ಟಮ್ಮ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ತೌಡನ ಪೇಟ ಓರೆಯಾಗಿತ್ತು, ಅದನ್ನು ಸರಿಮಾಡಲು ಕೈ ಚಾಚಿದವಳು ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮೊರ ಇಸಿದುಕೊಂಡು ಹೋಗಿ ತನ್ನ ಕೊಟ್ಟಿಗೆಯ ಬಾನಿಗೆ ಸುರಿದಳು. ಎಮ್ಮೆ ತಲೆ ಹಾಕಿತು. ಬರಿ ಮೊರವನ್ನು ತಂದು ಅತ್ತಿಗೆಯ ಕೈಗೆ ಕೊಟ್ಟು, "ಆಯ್ತು ಕಣೆ ಈಸ್ವರಿ, ಇವತ್ತಿಂದ ನಿನ್ನ ಮಗ. ಚೆಂದಾಗಿ ಸಾಕ್ಕೊ," ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲಿನವಳ ಮನೆಯ ಬಾಗಿಲು ಹಗಲಲ್ಲಿ ಹಾಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅತ್ತಿಗೆ ಗೆದ್ದಳು. ತೌಡ ರೇಷ್ಮೆ ಅಂಗಿ ಬಿಚ್ಚಿ ನೀಲಿ ಅಂಗಿ ಹಾಕಿಕೊಂಡ. ಅಳಲಿಲ್ಲ, ಹಟ ಮಾಡಲಿಲ್ಲ. ಊಟಕ್ಕೆ ಕರೆದರೆ ಬಂದು ಕೂತ. ಇನ್ನೊಂದು ಒಬ್ಬಟ್ಟು ಅಂದರೆ "ಸಾಕು" ಅಂದ. ಹೊರಗೆ ಆಡು ಹೋಗು ಅಂದರೆ ಜಗಲಿಯವರೆಗೆ ಹೋಗಿ, ಎದುರಿನ ಮುಚ್ಚಿದ ಬಾಗಿಲು ನೋಡಿ, ಒಳಗೆ ಬಂದು ಗೋಡೆಗೆ ಒರಗಿದ. ಮನೆಗೆ ಬಂದ ನೆಂಟರ ಹುಡುಗನ ಹಾಗೆ ಎಲ್ಲದಕ್ಕೂ ತಲೆ ಆಡಿಸಿದ. ತಟ್ಟೆಯನ್ನು ತಾನೇ ತೊಳೆದಿಟ್ಟ, ಅದನ್ನು ನೋಡಿ ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಅವನು ಅವಳ ಮನೆಯಲ್ಲಿ ಅಂಥ ಮರ್ಯಾದೆಯಿಂದ ಇದ್ದಿದ್ದೇ ಇಲ್ಲ.

ಅದರ ಜೊತೆಗೆ ಭಯ ಹತ್ತಿತು. ಕೋಪದಲ್ಲಿ ಅವ್ವನ ಮಾತು ಕಿವಿಗೆ ಬಿದ್ದಿರಲಿಲ್ಲ, ಈಗ ಬಿತ್ತು. ಹುಡುಗ ಸೀನಿದರೆ ಹಣೆ ಮುಟ್ಟಿದಳು. ಬಾವಿಕಟ್ಟೆಯ ಕಡೆ ತಿರುಗಿದರೆ ರಟ್ಟೆ ಹಿಡಿದಳು. "ನನ್ನ ಮಗ" ಅಂತ ಬಾಯಿಬಿಟ್ಟು ಹೇಳಲು ವರ್ಷಗಟ್ಟಲೆ ಹಂಬಲಿಸಿದವಳು, ಈಗ ಯಾರಾದರೂ ಕೇಳಿಸಿಕೊಂಡಾರು ಅಂತ ಅದನ್ನು ಹೇಳಲೇ ಇಲ್ಲ. ಅವ್ವ ಅವಳ ಜೊತೆ ಮಾತು ಬಿಟ್ಟು ಚಾಮುಂಡಿಗೆ ಹರಕೆಯ ಮೇಲೆ ಹರಕೆ ಕಟ್ಟುತ್ತಿದ್ದಳು. ಇಷ್ಟೆಲ್ಲದರ ನಡುವೆ ಮಹದೇವು ಅದೇ ನೀಲಿ ಅಂಗಿ ಹಾಕಿಕೊಂಡು, ಜೇಬಿಗೆ ಕೈ ಹಾಕಿಕೊಂಡು, ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು ಬಂದ. ಯಾರೂ ಚೆನ್ನಾಗಿದೆ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮಾರನೆಯ ದಿನ ಜಂಬೂ ಸವಾರಿಗೆ ಹೋದೆವು. ಸಯ್ಯಾಜಿರಾವ್ ರಸ್ತೆಯ ಪಕ್ಕದಲ್ಲಿ ಜನ ಕಿಕ್ಕಿರಿದಿದ್ದರು. ಪ್ರತಿ ವರ್ಷ ಬೆಟ್ಟಮ್ಮನ ದೊಡ್ಡ ಮಗ ತೌಡನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ. ಆ ವರ್ಷ ಅವರು ನಮ್ಮ ಜೊತೆ ಬರಲಿಲ್ಲ. ಅಣ್ಣ ಹೊರುತ್ತೇನೆ ಅಂದ, ಅತ್ತಿಗೆ ಬಿಡಲಿಲ್ಲ. ಆನೆ ಬೆದರಿದರೆ, ಜನ ನುಗ್ಗಿದರೆ, ಮಗು ಜಾರಿದರೆ? ಎರಡು ಕೈಯಲ್ಲೂ ಅವನ ಕೈ ಹಿಡಿದು ಸೊಂಟಕ್ಕೆ ಒತ್ತಿಕೊಂಡು ನಿಂತಳು. ಬ್ಯಾಂಡು ಬಂತು, ಕುದುರೆ ಬಂದವು, ಅಂಬಾರಿಯೂ ಬಂತು. ಜನ ಜಯಕಾರ ಹಾಕಿದರು. ತೌಡನಿಗೆ ಕಂಡಿದ್ದು ಮುಂದಿನವರ ಬೆನ್ನು ಮಾತ್ರ. ಅಣ್ಣನ ಹೆಗಲೇರಿದವನು ಮಹದೇವು. "ಅವ್ವ, ಆನೆ ನೋಡವ್ವ! ಅವ್ವ, ನನ್ನ ನೋಡವ್ವ, ಎಷ್ಟ್ ಎತ್ತರ ಇವ್ನಿ!" ಅಂತ ಮೇಲಿನಿಂದ ಕೂಗಿದ. ಅತ್ತಿಗೆ ತಲೆಯೆತ್ತಲಿಲ್ಲ. ತೌಡ ಆಗ ತಾನೇ ಕೆಮ್ಮಿದ್ದ, ಅವಳು ಅವನ ಎದೆ ಮುಟ್ಟಿ ನೋಡುತ್ತಿದ್ದಳು.

ನಾವು ಕೇರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತಿಗೆ ಸೀರೆಯನ್ನೂ ಬದಲಾಯಿಸದೆ ಒಲೆ ಉರಿಸಿ, ತೌಡನಿಗೆ ಕಾಲು ತೊಳೆಯಲು ನೀರು ಕಾಯಿಸಿ, ಮೆಣಸಿನ ಕಷಾಯಕ್ಕಿಟ್ಟಳು. ಹುಡುಗನಿಗೆ ಧೂಳು ಕುಡಿದ ಕೆಮ್ಮು, ಬೇರೇನೂ ಅಲ್ಲ. ಅದನ್ನು ಅವಳಿಗೆ ಹೇಳುವವರಾರು? ಸ್ವಲ್ಪ ಹೊತ್ತಿಗೆ ನಾನು ಹಸುವಿಗೆ ಕಲಗಚ್ಚು ಇಡಲು ಹಿತ್ತಲಿಗೆ ಹೋದೆ. ತೌಡಿನ ಚೀಲ ಬರಿದಾಗಿ ಮಗುಚಿ ಬಿದ್ದಿತ್ತು. ಅದರ ಬಾಯಿಂದ ನಡುಮನೆಯವರೆಗೆ, ನಡುಮನೆಯಿಂದ ಜಗಲಿಗೆ, ಹೊರಗೆ ಬೀದಿಗೆ, ತೌಡು ಚೆಲ್ಲಿಕೊಂಡು ಹೋಗಿತ್ತು.

"ಅತ್ತಿಗೆ, ಮಾದೇವು ಎಲ್ಲಿ?" ಅಂದೆ.

ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖ ನೋಡಿದೆ, ರಸ್ತೆಯಿಂದ ಮನೆಗೆ ಬಂದಮೇಲೆ ಅವನನ್ನು ನೋಡಿದ ನೆನಪೂ ಅವಳಿಗೆ ಇರಲಿಲ್ಲ.

ಬೀದಿ ದಾಟಿದೆವು. ಬೆಟ್ಟಮ್ಮನ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಅವಳು ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ತೌಡಿನ ರಾಶಿ. ಮಹದೇವು ಹೊಸ ಅಂಗಿಯ ಮಡಿಲಿನಲ್ಲಿ ಹೊತ್ತು ಹೊತ್ತು ತಂದು ಸುರಿದಿದ್ದ. ನೀಲಿ ಅಂಗಿ ಕಂದು ಬಣ್ಣಕ್ಕೆ ತಿರುಗಿತ್ತು, ಗುಂಡಿ ಕಿತ್ತುಹೋಗಿತ್ತು, ಜೇಬಿನ ತುಂಬ ತೌಡು. ರೆಪ್ಪೆಯ ಮೇಲೂ ತೌಡು.

"ನೋಡ್ರವ್ವ ಇವನ್ನ," ಅಂದಳು ಬೆಟ್ಟಮ್ಮ. ನಗಬೇಕೋ ಅಳಬೇಕೋ ಅವಳಿಗೂ ತಿಳಿದಿರಲಿಲ್ಲ. "ಬಂದ, ಸುರ್ದ. ನನ್ನೂ ಕೊಂಡ್ಕೊ ಅಂತವ್ನೆ. ಲೋ, ತೌಡು ಕೊಡಬೇಕಾದೋಳು ನಾನು ಕಣ್ಲಾ. ಮಾರೋನೇ ಕೊಡ್ತಾನಾ?"

ಆ ವ್ಯಾಪಾರದಲ್ಲಿ ಯಾರು ಯಾರಿಗೆ ಕೊಡಬೇಕು ಅಂತ ಮಹದೇವುವಿಗೆ ಗೊತ್ತಿರಲಿಲ್ಲ. ಅವನು ನೋಡಿದ್ದು ನಿನ್ನೆಯದನ್ನು ಮಾತ್ರ. ತೌಡು ತಂದವರು ಕೇಳಿದ್ದು ಸಿಗುತ್ತದೆ ಅಂದುಕೊಂಡಿದ್ದ. ನಾನು ನಕ್ಕುಬಿಟ್ಟೆ. ಅತ್ತಿಗೆ ನಗಲಿಲ್ಲ. ಅವಳ ಮುಖ ಕಪ್ಪಿಟ್ಟಿತು. ಈ ಮನೆ ಅವಳ ಎರಡನೆಯ ಮಗನನ್ನೂ ಎಳೆದುಕೊಂಡಿತು ಅನ್ನಿಸಿರಬೇಕು.

"ಯಾಕ್ಲಾ?" ಅಂದಳು. "ನಾನು ಬ್ಯಾಡವಾ ನಿಂಗೆ? ಈ ಮನೆ ಬೆಣ್ಣೆ ಬೇಕಾಯ್ತಾ ನಿಂಗೂ?"

ಮಹದೇವು ಹೆದರಿ ಬೆಟ್ಟಮ್ಮನ ಕಡೆ ಸರಿದ. ಆಮೇಲೆ ಹೆದರಿಕೆಯಲ್ಲೇ ಹೇಳಿದ.

"ಬೆಣ್ಣೆ ಬ್ಯಾಡ. ನಾನೂ ಇಲ್ಲೇ ಇದ್ರೆ, ನನ್ನ ಕೇಳಾಕೂ ನೀನು ಮೊರ ತಕ್ಕೊಂಡು ಬತ್ತೀಯಲ್ಲ, ಅದ್ಕೆ."

ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಗಂಟೆ ಅಲ್ಲಾಡಿಸಿತು. ನಮ್ಮ ಹಿಂದೆಯೇ ಬಂದಿದ್ದ ತೌಡ ಹೊಸಿಲಿನ ಆಚೆಯೇ ನಿಂತಿದ್ದ. ಒಳಗೆ ಬರಬಹುದೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಅತ್ತಿಗೆ ಗೋಡೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟು ದಿನ ಯಾವುದಕ್ಕೂ ಬಿಡದಿದ್ದ ಅಳು ಅದು. ಬೆಟ್ಟಮ್ಮ ತಡೆಯಲಿಲ್ಲ, ಸಮಾಧಾನ ಹೇಳಲೂ ಹೋಗಲಿಲ್ಲ. ಅಳುವುದು ಮುಗಿಯುವವರೆಗೆ ಮಹದೇವುವಿನ ತಲೆಯಿಂದ ತೌಡು ಕೊಡವುತ್ತಾ ಕೂತಳು.

ಕಡೆಗೆ ಅತ್ತಿಗೆ ಮೂಗೊರೆಸಿಕೊಂಡು ಎದ್ದಳು.

"ಬೆಟ್ಟಕ್ಕ, ಮನೇಲಿ ತೌಡಿಲ್ಲ. ಎಲ್ಲಾನೂ ಇವನೇ ತಂದು ಇಲ್ಲಿ ಸುರಿದ್ಬುಟ್ಟವನೆ. ಕೈಬದಲು ಒಂದು ಮೊರ ಕೊಡ್ತೀರಾ?"

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಉಪ್ಪು ಮುಗಿದರೂ ಆ ಮನೆಯ ಬಾಗಿಲಿಗೆ ಹೋಗದ ಹೆಂಗಸು ಅವಳು.

ಬೆಟ್ಟಮ್ಮ ಎದ್ದು, ಗೋಡೆಗೆ ಒರಗಿಸಿದ್ದ ತನ್ನ ಮೊರವನ್ನು ತೆಗೆದಳು. ನೆಲದ ರಾಶಿಯಿಂದ ಎರಡು ಕೈಯಲ್ಲೂ ಬಾಚಿ ತುಂಬಿದಳು, ಗೋಪುರ ನಿಲ್ಲುವಷ್ಟು. ಅತ್ತಿಗೆಯ ಕೈಗಿಟ್ಟಳು. ಅತ್ತಿಗೆ ಅದನ್ನು ಒಂದು ಗಳಿಗೆ ಹಿಡಿದಿದ್ದು, ನಿನ್ನೆ ಬೀದಿಯಲ್ಲಿ ಹಿಡಿದಿದ್ದ ಹಾಗೆಯೇ ಮುಂದೆ ಚಾಚಿದಳು.

"ತಕ್ಕಳಿ ಬೆಟ್ಟಕ್ಕ. ನನ್ನ ಮಾದೇವು ನನಗೆ ಬೇಕು."

ಮಹದೇವು ಮೊರ ನೋಡಿದ, ಅವ್ವನನ್ನು ನೋಡಿದ. ಬೆಟ್ಟಮ್ಮ ಮೊರ ಇಸಿದುಕೊಂಡು, "ಕೊಡಾಕಿಲ್ಲ ಅಂದ್ರೆ?" ಅಂತ ಗದರಿಸಿದಳು.

"ಕೊಡೋಗಂಟ ಇಲ್ಲೇ ಕೂತಿರ್ತೀನಿ," ಅಂದಳು ಅತ್ತಿಗೆ.

ಅಷ್ಟು ಸಾಕಾಯಿತು. ಹುಡುಗ ಓಡಿಬಂದು ಅವಳ ಮೇಲೆ ಬಿದ್ದ. ಆರು ವರ್ಷದವನು, ಎತ್ತಿಕೊಳ್ಳುವ ವಯಸ್ಸು ದಾಟಿತ್ತು, ಕಾಲು ಅವಳ ಮೊಣಕಾಲಿನ ತನಕ ಇಳಿಬಿದ್ದಿತ್ತು. ಎತ್ತಿಕೊಂಡೇ ನಡೆದಳು. ಹೊಸಿಲಲ್ಲಿ ತೌಡ ದಾರಿ ಬಿಟ್ಟು ನಿಂತ. ಅತ್ತಿಗೆ ಅವನ ಹತ್ತಿರ ನಿಂತಳು.

"ಓಗು," ಅಂದಳು. "ಊಟಕ್ಕೆ ಮಾತ್ರ ಬಂದ್ಬುಡು."

ತೌಡ ನಂಬಲಿಲ್ಲ. ಅವಳು ಜಗಲಿ ಇಳಿದ ಮೇಲೆ ನಂಬಿದ. ಒಳಗೆ ನುಗ್ಗಿದ ಕಾಲಸಪ್ಪಳ ಕೇಳಿತು. "ಬೆಟ್ಟವ್ವ!" ಅಂದಿದ್ದು ಕೇಳಿತು, ಅವಳು ಬಿಕ್ಕಿದ್ದೂ ಕೇಳಿತು. ಬೀದಿಯ ನಡುವೆ ಅತ್ತಿಗೆ ನಿಂತು ತಿರುಗಿ ನೋಡಿದಳು. ದೀಪದ ಬೆಳಕಿನಲ್ಲಿ ಅವಳ ಹಿರಿಯ ಮಗ ಬೆಟ್ಟಮ್ಮನ ಕೊರಳಿಗೆ ಜೋತುಬಿದ್ದಿದ್ದ. ಅವಳ ಹೊಟ್ಟೆ ಉರಿಯಿತು. ನಾನು ಪಕ್ಕದಲ್ಲೇ ಇದ್ದೆ, ಆ ಮುಖ ನನಗೆ ಹೊಸದೇನಲ್ಲ. ಇನ್ನೇನು ಹಿಂದಕ್ಕೆ ಹೆಜ್ಜೆ ಇಡುತ್ತಾಳೆ ಅಂದುಕೊಂಡೆ.

"ಅವ್ವ, ಮೊರದ ತುಂಬ ಕೊಟ್ಯಲ್ಲ," ಅಂದ ಮಹದೇವು ಅವಳ ಕಿವಿಯ ಹತ್ತಿರ. "ತೌಡಂಗಿಂತ ಜಾಸ್ತಿ ಅಲ್ವಾ?"

"ಊಂ ಕಣ್ಲಾ, ಜಾಸ್ತಿ," ಅಂದಳು ಅತ್ತಿಗೆ. ಅವನನ್ನು ಸೊಂಟದ ಮೇಲಕ್ಕೆ ಎತ್ತಿ ಕೂರಿಸಿಕೊಂಡು ಮನೆಯ ಕಡೆ ತಿರುಗಿದಳು.